ಅಕ್ಕಿ ಅಳೆಯುವಾಗಲೇ ಆರಂಭ: ಮನೆಯ ಊಟದಲ್ಲಿ ಶರ್ಕರಪಿಷ್ಟವನ್ನು ಹೊಂದಿಸುವ ಕ್ರಮ

ಡಬ್ಬಿಯಿಂದ ಅಕ್ಕಿ ಅಳೆದು ಕುಕ್ಕರಿಗೆ ಹಾಕುವಾಗ, ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿಯುವಾಗ, ರೊಟ್ಟಿಗೆ ಹಿಟ್ಟು ನಾದುವಾಗಲೇ ಆ ದಿನ ಮನೆಮಂದಿ ತಿನ್ನುವ ಶರ್ಕರಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ಎಷ್ಟೆಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಒಮ್ಮೆ ಬೆಂದ ಅನ್ನವನ್ನು ಉಳಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಹಸಿವಿದ್ದರೂ ಇಲ್ಲದಿದ್ದರೂ ಅದು ಯಾರದಾದರೂ ತಟ್ಟೆಗೆ ಬೀಳುತ್ತದೆ. ಆದ್ದರಿಂದ ಊಟವನ್ನು ಸರಿಪಡಿಸಬೇಕೆನ್ನುವವರು ಅಳತೆಯಿಂದಲೇ ಆರಂಭಿಸಬೇಕೆಂಬುದು ಈ ಬರಹದ ನಿಲುವು. ಯಾವ ಧಾನ್ಯ, ಹೇಗೆ ಬೇಯಿಸಿದ್ದು, ಯಾವುದರ ಜೊತೆ ತಿಂದದ್ದು ಎಂಬ ಪ್ರಶ್ನೆಗಳು ಮುಖ್ಯವೇ ಹೌದು, ಆದರೆ ಅವು ಅಳತೆಯ ನಂತರ ಬರುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಇಂಡಿಯಾಬ್ ಅಧ್ಯಯನದ ಪ್ರಕಾರ, ನಮ್ಮ ಜನರ ದೈನಂದಿನ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಶರ್ಕರಪಿಷ್ಟದಿಂದಲೇ ಬರುತ್ತದೆ, ಮತ್ತು ಅದರ ಬಹುಪಾಲು ಪಾಲಿಶ್ ಮಾಡಿದ ಅಕ್ಕಿ, ಗೋಧಿ ಹಾಗೂ ಸಕ್ಕರೆಯದು. ಅದೇ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ, 2000 ಕಿಲೋಕ್ಯಾಲೊರಿಯ ಊಟ ಸಾಕಾಗುವ ವಯಸ್ಕರಿಗೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರ್ ಹಾಲು ಅಥವಾ ಮೊಸರು, ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎಂದು ಸೂಚಿಸಲಾಗಿದೆ; ಧಾನ್ಯಗಳಿಂದ ಬರುವ ಶಕ್ತಿ ಶೇ. 45ನ್ನು ಮೀರಬಾರದೆಂಬುದು ಅದರ ಆಶಯ. ಮನೆಯಲ್ಲಿ ಎದುರಿಗಿಟ್ಟುಕೊಳ್ಳಲು ಈ 250 ಗ್ರಾಂ ಎಂಬ ಸಂಖ್ಯೆಯೊಂದೇ ಸಾಕು.

ಈ ಪದಾರ್ಥ ದೇಹಕ್ಕೆ ಏಕೆ ಬೇಕು

ಅಕ್ಕಿ, ರಾಗಿ, ಜೋಳಗಳ ಪಿಷ್ಟವೆಂದರೆ ಗ್ಲೂಕೋಸ್ ಕಣಗಳು ಸಾಲಾಗಿ ಹೆಣೆದುಕೊಂಡ ಉದ್ದನೆಯ ಸರ. ಅನ್ನದ ತುತ್ತನ್ನು ನುಂಗದೆ ಅರ್ಧ ನಿಮಿಷ ಅಗಿದರೆ ನಾಲಿಗೆಗೆ ಸಣ್ಣಗೆ ಸಿಹಿ ತಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಆ ಸರವನ್ನು ತುಂಡರಿಸಲು ತೊಡಗಿದ್ದರ ಗುರುತು ಅದು. ಉಳಿದ ಕೆಲಸ ಸಣ್ಣ ಕರುಳಿನಲ್ಲಿ ಮುಗಿಯುತ್ತದೆ. ಅಲ್ಲಿಂದ ಗ್ಲೂಕೋಸ್ ರಕ್ತಕ್ಕಿಳಿದು ಮೊದಲು ಯಕೃತ್ತಿಗೆ, ನಂತರ ಇಡೀ ದೇಹಕ್ಕೆ ಹರಡುತ್ತದೆ, ಮತ್ತು ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಅದನ್ನು ಸ್ನಾಯು ಹಾಗೂ ಕೊಬ್ಬಿನ ಕೋಶಗಳೊಳಗೆ ಸೇರಿಸುತ್ತದೆ. ಕೂಡಲೇ ಬೇಡವಾದದ್ದು ಗ್ಲೈಕೋಜನ್ ಆಗಿ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂವರೆಗೆ ಸಂಗ್ರಹವಾಗುತ್ತದೆ; ಅದಕ್ಕೂ ಹೆಚ್ಚಾದದ್ದರಲ್ಲಿ ಒಂದು ಪಾಲು ಯಕೃತ್ತಿನಲ್ಲಿ ಕೊಬ್ಬಾಗಿ ಮಾರ್ಪಡುತ್ತದೆ. ಎಣ್ಣೆಯನ್ನು ಅಷ್ಟಾಗಿ ಮುಟ್ಟದ, ಅನ್ನವನ್ನೇ ನೆಚ್ಚಿಕೊಂಡ ಮನೆಗಳಲ್ಲೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿರುವುದಕ್ಕೆ ಇದೂ ಒಂದು ಕಾರಣ.

ಶರ್ಕರಪಿಷ್ಟದ ಪ್ರತಿ ಗ್ರಾಂನಿಂದ 4 ಕಿಲೋಕ್ಯಾಲೊರಿ ಸಿಗುತ್ತದೆ. ಮಿದುಳು ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬಳಸುತ್ತದೆ. ಕನಿಷ್ಠ 130 ಗ್ರಾಂ ಶರ್ಕರಪಿಷ್ಟವಾದರೂ ದಿನದ ಊಟದಲ್ಲಿರಲಿ ಎಂಬ ಶಿಫಾರಸು ಈ ಲೆಕ್ಕದಿಂದಲೇ ಹುಟ್ಟಿದ್ದು. ಅನ್ನವನ್ನು ಪೂರ್ತಿ ಬಿಟ್ಟುಬಿಡಿ ಎಂದು ಉತ್ಸಾಹದಿಂದ ಸಲಹೆ ಕೊಡುವವರು ಇದನ್ನು ಮರೆಯಬಾರದು. ಊಟದಲ್ಲಿ ಶರ್ಕರಪಿಷ್ಟ ತೀರಾ ಕಡಿಮೆಯಾದಾಗ ದೇಹ ಪ್ರೋಟೀನನ್ನೇ ಒಡೆದು ಗ್ಲೂಕೋಸ್ ಮಾಡಿಕೊಳ್ಳುತ್ತದೆ, ಕೊಬ್ಬಿನಿಂದ ಬದಲಿ ಇಂಧನವಾದ ಕೀಟೋನ್‌ಗಳನ್ನು ತಯಾರಿಸಿಕೊಳ್ಳುತ್ತದೆ. ಆರೋಗ್ಯವಂತರು ಅದನ್ನು ತಾಳಿಕೊಂಡಾರು, ಆದರೆ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅಂತಹ ಪಥ್ಯಕ್ಕೆ ಇಳಿಯುವುದು ಅಪಾಯಕರ.

ಅಳತೆ

ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಉತ್ತಮ, ಇಲ್ಲದಿದ್ದರೂ ನಡೆಯುತ್ತದೆ. ಎಲೆಕ್ಟ್ರಿಕ್ ರೈಸ್ ಕುಕ್ಕರಿನ ಜೊತೆ ಬರುವ ಲೋಟ 180 ಮಿಲಿಲೀಟರಿನದು, ಅದರ ತುಂಬ ಅಕ್ಕಿ ಸುಮಾರು 150 ಗ್ರಾಂ ತೂಗುತ್ತದೆ. ಮನೆಯಲ್ಲಿ ಅಕ್ಕಿ ಅಳೆಯಲು ಬಳಸುವ ಪಾವು ಅಥವಾ ಲೋಟವನ್ನು ಒಮ್ಮೆ ದಿನಸಿ ಅಂಗಡಿಯಲ್ಲಿ ತೂಗಿಸಿಕೊಂಡು, ತೂಕವನ್ನು ಡಬ್ಬಿಯ ಮುಚ್ಚಳದ ಒಳಗೆ ಬರೆದಿಟ್ಟರೆ ಆ ಕೆಲಸ ಮುಗಿಯಿತು. ಬೆಂದ ಅನ್ನವನ್ನು ಅಳೆಯುವುದಕ್ಕಿಂತ ಹಸಿ ಅಕ್ಕಿಯನ್ನು ಅಳೆಯುವುದೇ ಮೇಲು, ಏಕೆಂದರೆ ನೀರು ಹೆಚ್ಚುಕಡಿಮೆಯಾದಂತೆ ಅನ್ನದ ತೂಕ ಬದಲಾಗುತ್ತದೆ. 100 ಗ್ರಾಂ ಅಕ್ಕಿ ಬೆಂದಾಗ ಸಾಮಾನ್ಯವಾಗಿ ಎರಡೂವರೆಯಿಂದ ಮೂರು ಪಟ್ಟು ತೂಗುತ್ತದೆ.

ಇನ್ನು ಲೆಕ್ಕ. ಪಾಲಿಶ್ ಮಾಡಿದ ಹಸಿ ಅಕ್ಕಿಯ 100 ಗ್ರಾಂನಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟವಿದ್ದರೆ, ರಾಗಿಯಲ್ಲಿ 67, ಜೋಳದಲ್ಲಿ 68, ಇಡಿಗೋಧಿ ಹಿಟ್ಟಿನಲ್ಲಿ 64 ಗ್ರಾಂ ಇದೆ. 30 ಗ್ರಾಂ ಹಿಟ್ಟಿನ ಒಂದು ಚಪಾತಿಯಿಂದ ಸುಮಾರು 19 ಗ್ರಾಂ, 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿಯಿಂದ 34 ಗ್ರಾಂ, 100 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆಯಿಂದ 67 ಗ್ರಾಂ ಸಿಗುತ್ತದೆಂದು ನೆನಪಿಟ್ಟುಕೊಂಡರೆ ಉಳಿದದ್ದನ್ನು ಬಾಯಿಲೆಕ್ಕದಲ್ಲೇ ಮಾಡಿಕೊಳ್ಳಬಹುದು.

ಉದಾಹರಣೆಗೆ, ಕಚೇರಿಯಲ್ಲಿ ಕುಳಿತು ದುಡಿಯುವ ಒಬ್ಬರ ದಿನವನ್ನು ನೋಡೋಣ. ಬೆಳಿಗ್ಗೆ 60 ಗ್ರಾಂ ರವೆಯ ಉಪ್ಪಿಟ್ಟು, ಮಧ್ಯಾಹ್ನ 75 ಗ್ರಾಂ ಅಕ್ಕಿಯ ಅನ್ನ, ರಾತ್ರಿ 80 ಗ್ರಾಂ ಹಿಟ್ಟಿನ ಮುದ್ದೆ ಎಂದಿಟ್ಟುಕೊಂಡರೆ ಧಾನ್ಯ ಒಟ್ಟು 215 ಗ್ರಾಂ, ಅದರಿಂದ ಶರ್ಕರಪಿಷ್ಟ ಸುಮಾರು 155 ಗ್ರಾಂ. ಬೇಳೆಕಾಳಿನಿಂದ 45, ಹಾಲು ಮೊಸರಿನಿಂದ 14, ತರಕಾರಿ ಮತ್ತು ಹಣ್ಣಿನಿಂದ 35 ಗ್ರಾಂ ಸೇರಿಸಿದರೆ 250ರ ಹತ್ತಿರ ಬರುತ್ತದೆ. 4ರಿಂದ ಗುಣಿಸಿದಾಗ 1000 ಕಿಲೋಕ್ಯಾಲೊರಿ, ಅಂದರೆ 2000ದ ಅರ್ಧ. ಇದು ಒಪ್ಪುವಂಥ ಪ್ರಮಾಣ. ಇದೇ ವ್ಯಕ್ತಿ ಮಧ್ಯಾಹ್ನ ಕುಕ್ಕರಿನ ಒಂದು ಲೋಟ ಅಕ್ಕಿಯನ್ನು ಒಬ್ಬರೇ ಉಂಡು, ಸಂಜೆ ಚಹಾದ ಜೊತೆ ಬಿಸ್ಕತ್ತು ತಿಂದು, ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಂಡರೆ ಇದರ ಮೇಲೆ ಮತ್ತೆ 100 ಗ್ರಾಂ ಮೀರಿ ಸೇರುತ್ತದೆ. ಗದ್ದೆಯಲ್ಲಿ, ಕಟ್ಟಡದ ಕೆಲಸದಲ್ಲಿ ದಿನವಿಡೀ ಬೆವರು ಸುರಿಸುವವರಿಗೆ ಈ ಹೆಚ್ಚುವರಿ ಧಾನ್ಯ ಬೇಕೇ ಬೇಕು. ಅವರ ತಟ್ಟೆಯ ಅಳತೆಯನ್ನು ಕುರ್ಚಿಯಲ್ಲಿ ಕುಳಿತವರು ಮುಂದುವರಿಸಿಕೊಂಡು ಬಂದದ್ದೇ ತೊಂದರೆಯ ಮೂಲ.

ಇಲ್ಲಿ ಹಣದ ಮಾತನ್ನೂ ಆಡಬೇಕಾಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಡಿ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕಿಲೋ ಧಾನ್ಯ ಸಿಗುತ್ತದೆ; ದಿನಕ್ಕೆ ಭಾಗಿಸಿದರೆ ಸುಮಾರು 167 ಗ್ರಾಂ. ಬೇಳೆ, ಮೊಸರು, ತರಕಾರಿಗಳಿಗೆ ಅಂತಹ ಆಸರೆ ಇಲ್ಲ, ಹಾಗಾಗಿ ಹಸಿವನ್ನು ಅಗ್ಗದ ಅಕ್ಕಿಯೇ ತುಂಬುತ್ತದೆ. ಇಂತಹ ಮನೆಗಳಲ್ಲಿ ಅನ್ನ ಕಡಿಮೆ ಮಾಡಿ ಎಂದಷ್ಟೇ ಹೇಳುವುದು ಅನ್ಯಾಯವಾದೀತು. ಹುರುಳಿ, ಅಲಸಂದೆ, ಕಡಲೆಕಾಯಿ, ಸಂತೆಯಲ್ಲಿ ಅಗ್ಗವಾಗಿ ಸಿಗುವ ಸೊಪ್ಪು, ನುಗ್ಗೆಸೊಪ್ಪು ಇವನ್ನು ಸೇರಿಸಿಕೊಂಡು, ಅಷ್ಟರ ಮಟ್ಟಿಗೆ ಅಕ್ಕಿಯನ್ನು ಇಳಿಸುವುದು ಕೈಗೆಟುಕುವ ದಾರಿ.

ಧಾನ್ಯ ಬದಲಿಸಿದರೆ ಸಾಕೆ?

ಅಕ್ಕಿಯ ಬದಲು ರಾಗಿ ಅಥವಾ ಸಿರಿಧಾನ್ಯ ತಂದರೆ ಸಕ್ಕರೆ ತಾನಾಗಿ ಇಳಿಯುತ್ತದೆಂಬ ನಂಬಿಕೆ ಈಗ ಬಹಳ ಬಲವಾಗಿದೆ. ಮೇಲಿನ ಅಂಕಿಗಳನ್ನು ಮತ್ತೊಮ್ಮೆ ನೋಡಿ: ಅಕ್ಕಿಗೂ ರಾಗಿಗೂ ಶರ್ಕರಪಿಷ್ಟದಲ್ಲಿರುವ ಅಂತರ 100 ಗ್ರಾಂಗೆ 11 ಗ್ರಾಂ ಮಾತ್ರ. ಒಟ್ಟು ಶರ್ಕರಪಿಷ್ಟವನ್ನು ಇಳಿಸದೆ ಅಕ್ಕಿಯ ಜಾಗದಲ್ಲಿ ಗೋಧಿ ಅಥವಾ ಸಿರಿಧಾನ್ಯ ಇಟ್ಟ ಮಾತ್ರಕ್ಕೆ ಮಧುಮೇಹದ ಅಪಾಯ ಕಡಿಮೆಯಾಗುವುದು ಇಂಡಿಯಾಬ್‌ನ ವಿಶ್ಲೇಷಣೆಯಲ್ಲಿ ಕಾಣಲಿಲ್ಲ. ಶರ್ಕರಪಿಷ್ಟದ ಒಂದು ಸಣ್ಣ ಪಾಲನ್ನು ಬೇಳೆಕಾಳು ಅಥವಾ ಹಾಲುಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಕಂಡಿತು. ಮೂರು ಮುದ್ದೆ ನುಂಗಿ, ರಾಗಿಯಲ್ಲವೇ ಎಂದು ಸಮಾಧಾನಪಟ್ಟುಕೊಳ್ಳುವುದಕ್ಕೆ ಆಧಾರವಿಲ್ಲ.

ಹಾಗೆಂದು ರಾಗಿಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಅದರ 100 ಗ್ರಾಂನಲ್ಲಿ 11 ಗ್ರಾಂನಷ್ಟು ನಾರು, 360 ಮಿಲಿಗ್ರಾಂಗೂ ಮಿಗಿಲಾದ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂಗಿಂತ ಕಡಿಮೆ, ಕ್ಯಾಲ್ಸಿಯಂ ಹೆಸರಿಗಷ್ಟೆ. ನಾರು ಕೂಡ ಶರ್ಕರಪಿಷ್ಟದ ಬಳಗದ್ದೇ, ಆದರೆ ನಮ್ಮ ಕಿಣ್ವಗಳು ಅದನ್ನು ಒಡೆಯಲಾರವು. ಅದು ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ, ಅವು ಉತ್ಪಾದಿಸುವ ಬ್ಯುಟಿರೇಟ್‌ನಂತಹ ಆಮ್ಲಗಳು ಕರುಳಿನ ಗೋಡೆಯ ಕೋಶಗಳನ್ನು ಪೋಷಿಸುತ್ತವೆ, ಮಲಬದ್ಧತೆ ತಪ್ಪುತ್ತದೆ, ಪಿಷ್ಟ ಗ್ಲೂಕೋಸಾಗುವ ವೇಗವೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಇರಲಿ ಎನ್ನುತ್ತದೆ. ಬಿಳಿ ಅನ್ನ, ಮೈದಾ, ರವೆಗಳ ಊಟದಲ್ಲಿ ಈ ಗುರಿಯನ್ನು ಮುಟ್ಟುವುದು ಕಷ್ಟ.

ಕೊಳ್ಳುವಾಗ ಗಮನಿಸಬೇಕಾದ ಸಂಗತಿಯೊಂದಿದೆ. ನವಣೆ, ಸಾಮೆ, ಊದಲು ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಪೊಟ್ಟಣಗಳಲ್ಲಿರುವುದು ತೌಡು ಪೂರ್ತಿ ಹೋಗುವಂತೆ ಪಾಲಿಶ್ ಮಾಡಿದ ಬೆಳ್ಳಗಿನ ಕಾಳು. ಹೊಟ್ಟು ಮಾತ್ರ ತೆಗೆದ ಕಾಳು ಸ್ವಲ್ಪ ಮಬ್ಬಾಗಿರುತ್ತದೆ, ಬೇಗ ಕನರುತ್ತದೆ, ಬೇಯಲು ಹೆಚ್ಚು ಹೊತ್ತು ಬೇಕು, ಕೊಳ್ಳಬೇಕಾದದ್ದು ಅದನ್ನೇ. ಅಕ್ಕಿಯಲ್ಲಿ ಕರಾವಳಿಯವರ ಕುಚ್ಚಲಕ್ಕಿ ಒಳ್ಳೆಯ ಆಯ್ಕೆ. ಭತ್ತವನ್ನು ಬೇಯಿಸಿ ಒಣಗಿಸುವಾಗ ತೌಡಿನ ಬಿ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುವುದರಿಂದ, ಆಮೇಲೆ ಪಾಲಿಶ್ ಮಾಡಿದರೂ ಬಹುಪಾಲು ಉಳಿಯುತ್ತವೆ. ತೌಡಿನ ಮಹತ್ವ ಜಗತ್ತಿಗೆ ತಿಳಿದದ್ದೇ ಕೋಳಿಗಳಿಂದ: 1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್, ಬಿಳಿ ಅಕ್ಕಿಯನ್ನೇ ತಿಂದ ಕೋಳಿಗಳ ಕಾಲು ಸ್ವಾಧೀನ ತಪ್ಪುವುದನ್ನೂ ತೌಡಿರುವ ಅಕ್ಕಿ ಕೊಟ್ಟಾಗ ಚೇತರಿಸಿಕೊಳ್ಳುವುದನ್ನೂ ಗಮನಿಸಿದರು. ಬೆರಿಬೆರಿ ರೋಗದ ಗುಟ್ಟು ಬಿಚ್ಚಲು ನೆರವಾದ ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಹುಮಾನದ ಪಾಲು ಬಂತು.

ಬೇಯಿಸುವ ರೀತಿ

ಒಂದೇ ಧಾನ್ಯ ನುಚ್ಚಾಗಿದ್ದಾಗ ಒಂದು ವೇಗದಲ್ಲಿ, ಹಿಟ್ಟಾಗಿದ್ದಾಗ ಇನ್ನೊಂದು ವೇಗದಲ್ಲಿ ಜೀರ್ಣವಾಗುತ್ತದೆ. ಕಾಳು ಒಡೆದಷ್ಟೂ, ಹಿಟ್ಟು ನುಣುಪಾದಷ್ಟೂ, ಬೇಯುವ ಹೊತ್ತು ಹೆಚ್ಚಿದಷ್ಟೂ ಕಿಣ್ವಗಳಿಗೆ ಪಿಷ್ಟ ಸುಲಭವಾಗಿ ಸಿಗುತ್ತದೆ. ಜೋಳದ ನುಚ್ಚು, ಗೋಧಿ ನುಚ್ಚು, ಬಿಡಿಬಿಡಿಯಾಗಿ ಬೆಂದ ಅನ್ನ ನಿಧಾನವಾಗಿ ಅರಗಿದರೆ, ರಾಗಿ ಅಂಬಲಿ, ಮೆತ್ತಗೆ ಕಲಸಿದ ಅನ್ನ, ಮಂಡಕ್ಕಿ ಬೇಗನೆ ರಕ್ತಕ್ಕೆ ಸೇರುತ್ತವೆ. ಈ ವೇಗವನ್ನು ಅಳೆಯಲು ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಗ್ಲೈಸೀಮಿಕ್ ಸೂಚ್ಯಂಕವನ್ನು ರೂಪಿಸಿದರು. ಗ್ಲೂಕೋಸಿಗೆ 100 ಎಂದಿಟ್ಟುಕೊಂಡು 55 ಮತ್ತು ಅದಕ್ಕಿಂತ ಕೆಳಗಿನದನ್ನು ಕಡಿಮೆ, 70 ಮತ್ತು ಮೇಲಿನದನ್ನು ಹೆಚ್ಚು ಎನ್ನುತ್ತಾರೆ. ಪೊಟ್ಟಣದ ಮೇಲಿನ ಈ ಒಂದು ಸಂಖ್ಯೆಯನ್ನು ಅತಿಯಾಗಿ ನಂಬುವುದು ಬೇಡ. ಅದು ಪದಾರ್ಥವನ್ನು ಒಂಟಿಯಾಗಿ ತಿಂದಾಗಿನ ಅಳತೆ, ಮತ್ತು ಎಷ್ಟು ತಿಂದಿರಿ ಎಂಬುದನ್ನು ಅದು ಹೇಳುವುದಿಲ್ಲ.

ಬೆಂದ ಅನ್ನ ತಣ್ಣಗಾದಾಗ ಪಿಷ್ಟದ ಒಂದಷ್ಟು ಭಾಗ ಮತ್ತೆ ಗಟ್ಟಿಕಟ್ಟಿಕೊಂಡು ಕಿಣ್ವಗಳಿಗೆ ಬಗ್ಗದಂತಾಗುತ್ತದೆ. ಹೀಗೆ ಜೀರ್ಣಕ್ಕೆ ಸಿಗದ ಪಿಷ್ಟ ದೊಡ್ಡ ಕರುಳಿನಲ್ಲಿ ನಾರಿನಂತೆಯೇ ವರ್ತಿಸುತ್ತದೆ. ಮತ್ತೆ ಬಿಸಿ ಮಾಡಿದರೂ ಅದು ಪೂರ್ತಿ ಕರಗಿಹೋಗುವುದಿಲ್ಲವಾದ್ದರಿಂದ, ರಾತ್ರಿಯ ಅನ್ನದಿಂದ ಬೆಳಿಗ್ಗೆ ಚಿತ್ರಾನ್ನ ಮಾಡುವುದರಲ್ಲಿ ಸಣ್ಣ ಲಾಭವಿದೆ. ಆದರೆ ಅನ್ನವನ್ನು ಗಂಟೆಗಟ್ಟಲೆ ಹೊರಗೇ ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ, ಭೇದಿ ತರುವ ವಿಷ ಉಂಟುಮಾಡಬಹುದು, ವಾಂತಿ ತರುವ ವಿಷವಂತೂ ಬಿಸಿ ಮಾಡಿದರೂ ಹೋಗದು. ಬೆಂದ ಮೇಲೆ ಅಗಲವಾದ ಪಾತ್ರೆಗೆ ಹರವಿ ಬೇಗ ಆರಿಸಿ, ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಮರುದಿನವೇ ಹಬೆಯಾಡುವಷ್ಟು ಬಿಸಿ ಮಾಡಿ ಉಣ್ಣಬೇಕು. ಗಂಜಿ ಬಸಿಯುವುದರಿಂದ ಸ್ವಲ್ಪ ಪಿಷ್ಟ ಹೋಗುವುದು ನಿಜ, ಜೊತೆಗೆ ಬಿ ಜೀವಸತ್ವಗಳೂ ಹೋಗುತ್ತವೆ. ಅದಕ್ಕಿಂತ ಒಂದು ಹಿಡಿ ಅಕ್ಕಿ ಕಡಿಮೆ ಹಾಕುವುದು ಲೇಸು.

ತಟ್ಟೆಯಲ್ಲಿ ಜೊತೆ ಮತ್ತು ಸರದಿ

ಹಳೆ ಮೈಸೂರಿನ ಸಸ್ಯಾಹಾರಿ ಮನೆಗಳ ಊಟದಲ್ಲಿ ಅನ್ನ ಮೂರು ಸಲ ಬರುತ್ತದೆ: ಸಾರಿಗೊಮ್ಮೆ, ಹುಳಿಗೊಮ್ಮೆ, ಮೊಸರಿಗೊಮ್ಮೆ. ಪಲ್ಯ ಮಾತ್ರ ತಟ್ಟೆಯ ಅಂಚಿನಲ್ಲಿ ಒಂದು ಚಮಚ. ಇದನ್ನು ತಿರುವುಮುರುವು ಮಾಡುವುದು ಕಷ್ಟವಲ್ಲ. ಒಬ್ಬರ ಪಾಲಿನ ಅನ್ನವನ್ನು ಮೊದಲೇ ಒಂದೇ ಬಟ್ಟಲಿಗೆ ತೆಗೆದಿಟ್ಟು, ಅದನ್ನೇ ಮೂರು ಭಾಗ ಮಾಡಿಕೊಂಡು ಉಣ್ಣಬೇಕು. ಹುಳಿಯಲ್ಲಿ ಬೇಳೆ ಮತ್ತು ತರಕಾರಿಯ ಹೋಳು ಹೆಚ್ಚಬೇಕು. ಕೊನೆಯ ಸುತ್ತಿನಲ್ಲಿ ಬಟ್ಟಲು ಮೊಸರಿಗೆ ಎರಡು ತುತ್ತು ಅನ್ನ ಕಲಸಿದರೆ ಸಾಕು. ಬಾಳೆಲೆಯ ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ಬಡಿಸುವ ಕ್ರಮ ಇಲ್ಲಿ ನೆರವಿಗೆ ಬರುತ್ತದೆ. ತರಕಾರಿ ಮತ್ತು ಪ್ರೋಟೀನನ್ನು ಮೊದಲು ತಿಂದು ಅನ್ನ ರೊಟ್ಟಿಗಳನ್ನು ಕೊನೆಗೆ ತಿಂದಾಗ ಊಟದ ನಂತರದ ಗ್ಲೂಕೋಸ್ ಏರಿಕೆ ತಗ್ಗುವುದು ಮಧುಮೇಹಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಹೆಸರುಬೇಳೆಯ ಕೋಸಂಬರಿಯನ್ನು ಹಬ್ಬಕ್ಕೆ ಮೀಸಲಿಡದೆ ದಿನವೂ ಮೊದಲು ಬಟ್ಟಲು ತುಂಬ ತಿನ್ನಬಹುದು.

ಮಂಡ್ಯ, ಹಾಸನದ ಕಡೆಯ ಮುದ್ದೆ ಮತ್ತು ಬಸ್ಸಾರು ಈ ದೃಷ್ಟಿಯಿಂದ ಬಹಳ ಜಾಣತನದ ಜೋಡಿ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರೇ ಸಾರಾಗುತ್ತದೆ, ಬಸಿದು ಉಳಿದದ್ದು ಪಲ್ಯವಾಗುತ್ತದೆ, ಯಾವುದೂ ಚೆಲ್ಲಿಹೋಗುವುದಿಲ್ಲ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಪುಂಡಿಪಲ್ಯ, ಹಸಿ ಮೆಂತ್ಯಸೊಪ್ಪು ಕೂಡ ಹಾಗೆಯೇ. ಎರಡು ರೊಟ್ಟಿಯ ಮೇಲೆ ಮತ್ತೆ ಅನ್ನ ಸಾರು ಉಣ್ಣುವ ರೂಢಿಯಷ್ಟೇ ಅಲ್ಲಿ ಲೆಕ್ಕ ತಪ್ಪಿಸುವುದು. ಬೆಳಗಿನ ತಿಂಡಿ ನಮ್ಮ ದುರ್ಬಲ ಭಾಗ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನಗಳಲ್ಲಿ ಬೇಳೆ ಇರುವುದು ಒಗ್ಗರಣೆಗೆ ಮಾತ್ರ. ಉಪ್ಪಿಟ್ಟಿಗೆ ರವೆಯಷ್ಟೇ ತೂಕದ ತರಕಾರಿ ಹಾಕಿ, ಜೊತೆಗೆ ಬೇಯಿಸಿದ ಕಾಳು, ಮೊಸರು ಅಥವಾ ಮೊಟ್ಟೆ ಇಟ್ಟುಕೊಂಡರೆ ಹನ್ನೊಂದು ಗಂಟೆಗೆ ಮತ್ತೆ ಹಸಿವಾಗುವುದು ತಪ್ಪುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದಾಡಿದರೆ, ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ನೆರವಿಗೆ ಹೆಚ್ಚು ಕಾಯದೆ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ.

ಸಕ್ಕರೆ, ಬೆಲ್ಲ, ಜ್ಯೂಸ್

ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ, ನಾವಾಗಿ ಸೇರಿಸುವ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ. 10ರೊಳಗಿರಬೇಕು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು; 2000 ಕಿಲೋಕ್ಯಾಲೊರಿಗೆ ಅದು ಕ್ರಮವಾಗಿ 50 ಮತ್ತು 25 ಗ್ರಾಂ. ಒಂದು ಟೀ ಚಮಚ ಸಕ್ಕರೆ ಸುಮಾರು 5 ಗ್ರಾಂ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣ, ಖನಿಜಗಳಿದ್ದರೂ ಅದರ 100 ಗ್ರಾಂನಲ್ಲಿ 85 ಗ್ರಾಂನಷ್ಟು ಸಕ್ಕರೆಯೇ, ಆದ್ದರಿಂದ ಮಧುಮೇಹಿಗಳಿಗೆ ಬೆಲ್ಲದ ಕಾಫಿ ಪರವಾಗಿಲ್ಲವೆಂಬ ಮಾತು ಸರಿಯಲ್ಲ. ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ ಸುಮಾರು 10ರಿಂದ 11 ಗ್ರಾಂ ಸಕ್ಕರೆಯಿರುವುದು ಸಾಮಾನ್ಯ. ಒಂದು ಸಣ್ಣ ಬಾಟಲಿಗೇ ದಿನದ ಪಾಲು ಮುಗಿಯುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಬೇಕು. ಪೊಟ್ಟಣದ ಹಿಂದಿನ ಪಟ್ಟಿಯಲ್ಲಿ ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ ಎಂಬ ಎರಡು ಸಾಲುಗಳನ್ನು ಓದಿ; ರಾಗಿ ಬಿಸ್ಕತ್ತಿನ ಘಟಕಗಳಲ್ಲಿ ಮೈದಾ ಮೊದಲು ಬಂದು ರಾಗಿ ಹಿಂದೆ ಬಿದ್ದಿದ್ದರೆ, ರಾಗಿಗಿಂತ ಮೈದಾ ತೂಕದಲ್ಲಿ ಹೆಚ್ಚಿದೆಯೆಂದು ಅರ್ಥ.

ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆಯ ಪ್ರಮಾಣ ಈಗಿನ ಊಟಕ್ಕೆ ತಕ್ಕಂತೆ ನಿಗದಿಯಾಗಿರುತ್ತದೆ. ಅನ್ನವನ್ನು ದಿಢೀರನೆ ಅರ್ಧಕ್ಕಿಳಿಸಿ ಮಾತ್ರೆಯನ್ನು ಹಾಗೆಯೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರಿಗೆ ಮೊದಲೇ ತಿಳಿಸಿ, ವಾರಕ್ಕಿಷ್ಟು ಎಂದು ಹಂತಹಂತವಾಗಿ ಇಳಿಸಬೇಕು. ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ಮಂಕು ಕಾಣಿಸಿ ರಕ್ತದ ಗ್ಲೂಕೋಸ್ 70ಕ್ಕಿಂತ ಕೆಳಗಿದ್ದರೆ ಕೂಡಲೇ 15 ಗ್ರಾಂ ಸಕ್ಕರೆ, ಅಂದರೆ ಮೂರು ಚಮಚ, ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಏರದಿದ್ದರೆ ಅಷ್ಟನ್ನೇ ಪುನಃ ಕುಡಿಯಬೇಕು. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ ಮನೆಯ ಸಕ್ಕರೆ ಬೇಗ ಫಲಿಸುವುದಿಲ್ಲ, ಏಕೆಂದರೆ ಸಕ್ಕರೆಯನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆಹಿಡಿದಿರುತ್ತದೆ. ಅವರು ಗ್ಲೂಕೋಸ್ ಪುಡಿಯನ್ನೇ ಜೊತೆಗಿಟ್ಟುಕೊಂಡಿರಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ಅದನ್ನು ಬೆಳಗಿನ ಖಾಲಿ ಹೊಟ್ಟೆಯ ಪರೀಕ್ಷೆಗಷ್ಟೇ ಬಳಸುವುದು ಅರ್ಧ ಉಪಯೋಗ. ಒಂದು ದಿನ 75 ಗ್ರಾಂ ಅಕ್ಕಿಯ ಅನ್ನವನ್ನು ಹುಳಿ, ಪಲ್ಯದೊಡನೆ ಉಂಡು, ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಯ ನಂತರ ಇನ್ನೊಮ್ಮೆ ಪರೀಕ್ಷಿಸಿ ಬರೆದಿಡಿ; ಇನ್ನೊಂದು ದಿನ ಅದೇ ಹೊತ್ತಿಗೆ ಅದೇ ಹುಳಿ ಪಲ್ಯಗಳೊಡನೆ 75 ಗ್ರಾಂ ಹಿಟ್ಟಿನ ಮುದ್ದೆ, ಮತ್ತೊಂದು ದಿನ 50 ಗ್ರಾಂ ಅಕ್ಕಿಯ ಅನ್ನ ಉಂಡು ಹಾಗೆಯೇ ಮಾಡಿ. ಆ ಪುಟವನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿದರೆ, ಔಷಧಿಯ ಪ್ರಮಾಣವನ್ನೂ ಅಕ್ಕಿಯ ಅಳತೆಯನ್ನೂ ಒಟ್ಟಿಗೆ ನಿಗದಿ ಮಾಡಲು ಅವರಿಗೆ ಅನುಕೂಲವಾಗುತ್ತದೆ.